ಹಾಜಿರಾಬಿಯ ಗುರುತಿನ ಪಂಚನಾಮೆ

ಬ್ಯಾಡಗಿಯ ಪೊಲೀಸ್ ಠಾಣೆಯಲ್ಲಿ ಬಹುಕಾಲ ಹವಾಲ್ದಾರರಾಗಿದ್ದ ಗುತ್ತಲದ ಅಂದಾನೆಪ್ಪನವರು ಲಾಠಿಯನ್ನು ಹಿಡಿದುದನ್ನು ಕಂಡವರು ವಿರಳ. ಲೇಖನಿಯನ್ನು ಕೆಳಗಿಟ್ಟುದನ್ನು ಕಂಡವರು ಅದಕ್ಕಿಂತಲೂ ವಿರಳ. ಸೂರ್ಯೋದಯಕ್ಕೆ ಮುನ್ನ ಸ್ನಾನ, ಅನಂತರ ಇಷ್ಟಲಿಂಗಪೂಜೆ, ಅದು ಮುಗಿದ ಮೇಲೆಯೇ ಖಾಕಿ. ಟೊಪ್ಪಿಗೆಯನ್ನು ಧರಿಸಿದಾಗ ಹಣೆಯ ವಿಭೂತಿಯ ಮೂರು ಗೆರೆಗಳಲ್ಲಿ ಒಂದು ಮಾತ್ರ ಹೊರಗೆ ಉಳಿಯುತ್ತಿತ್ತು. "ಉಳದ ಎರಡು ಎಲ್ಲಿ ಹೋದುವ್ರಿ?" ಎಂದು ಯಾರಾದರೂ ಕೆಣಕಿದರೆ, "ಸರಕಾರದ ಕೆಳಗ ಅದಾವ" ಎನ್ನುತ್ತಿದ್ದರು.

ಅವರ ಅಕ್ಷರಗಳು ದುಂಡು ಮುತ್ತಿನಂತಿದ್ದವು. ಅವರು ಬರೆದ ಪಂಚನಾಮೆಗಳು ಜಿಲ್ಲೆಯಲ್ಲಿ ಹೆಸರಾಗಿದ್ದವು. ಐವರು ಸ್ಥಳಿಕರು ತಾವು ಕಂಡುದನ್ನು ಹೇಳಿ ಸಹಿ ಮಾಡುವ ಆ ಕಾಗದವನ್ನು ಬೇರೆಯವರು ಕಾಲು ಗಂಟೆಯಲ್ಲಿ ಗೀಚಿ ಮುಗಿಸಿದರೆ, ಅಂದಾನೆಪ್ಪನವರಿಗೆ ಅದೊಂದು ವ್ರತ. "ಕೇಳಿದ್ದು ಬ್ಯಾಡ, ಕಣ್ಣಾರೆ ಕಂಡದ್ದು ಹೇಳ್ರಿ" ಎಂಬುದು ಆ ವ್ರತದ ನಿಯಮ. ಒಮ್ಮೆ ಒಬ್ಬ ಪಂಚನು, ಕಳ್ಳನು ರಾಣೆಬೆನ್ನೂರಿಗೆ ಓಡಿಹೋದನೆಂದು ಹೇಳಿದನಂತೆ.

"ಅಂವ ರಾಣೆಬೆನ್ನೂರು ಮುಟ್ಟಿದ್ದು ಕಂಡಿಯೇನಪಾ?"

"ಇಲ್ರಿ. ಬಸ್ ಹತ್ತಿದ್ದು ಕಂಡೇನಿ."

ಅಂದಾನೆಪ್ಪನವರು ಬರೆದರು: "ಆರೋಪಿಯು ಬಸ್ಸನ್ನು ಹತ್ತಿದನು. ಬಸ್ಸಿನ ಮುಖವು ರಾಣೆಬೆನ್ನೂರಿನ ಕಡೆಗಿದ್ದಿತು."

ಇಂತಹ ಮನುಷ್ಯನ ಕೈಗೆ ಸಾವಿರದ ಒಂಬೈನೂರ ಎಂಬತ್ತೆರಡರ ಮಾಘಮಾಸದಲ್ಲಿ ಒಂದು ಲಕ್ಕೋಟೆ ಬಂದಿತು. ಊರೆಲ್ಲ ಮೆಣಸಿನಕಾಯಿಯ ಘಾಟಿಗೆ ಸೀನುವ ಸುಗ್ಗಿಯ ಕಾಲ ಅದು. ಧಾರವಾಡದಿಂದ ಹೊರಟು, ಹಾವೇರಿಯಲ್ಲಿ ಒಂದು ಮುದ್ರೆಯನ್ನು ಹೊಡೆಸಿಕೊಂಡು ಬಂದ ಆ ಹುಕುಮಿನ ಸಾರಾಂಶವಿಷ್ಟು: ಪಾಕಿಸ್ತಾನದ ಪ್ರಜೆಯಾದ ಹಾಜಿರಾಬಿಯೆಂಬ ವಿಧವೆಯು ವಾಸದ ಪರವಾನಗಿಯ ಅವಧಿ ಮುಗಿದು ಮೂರು ವರ್ಷಗಳಾದರೂ ಬ್ಯಾಡಗಿಯಲ್ಲಿಯೇ ನೆಲೆಸಿರುವಳು, ಆಕೆಯನ್ನು ಅಟಾರಿಯ ಗಡಿಯವರೆಗೆ ಕಾವಲಿನಲ್ಲಿ ಒಯ್ದು ಆಚೆಗೆ ದಾಟಿಸತಕ್ಕದ್ದು. ಜೊತೆಗೆ ಇಬ್ಬರಿಗೆ ಹೋಗಿಬರುವ ರೈಲು ಪಾಸು, ಒಬ್ಬಳಿಗೆ ಹೋಗುವುದಕ್ಕೆ ಮಾತ್ರ.

ಹಾಜಿರಾಬಿ ಪರಕೀಯಳೆಂಬುದು ಅಂದಾನೆಪ್ಪನವರಿಗೆ ದಫ್ತರದಿಂದ ತಿಳಿದಿತ್ತೇ ಹೊರತು ಊರಿಗೆ ನೆನಪಿರಲಿಲ್ಲ. ಆಕೆಯು ಹುಟ್ಟಿದ್ದು ಬ್ಯಾಡಗಿಯಲ್ಲಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ಚಹದ ಅಂಗಡಿಯಿಟ್ಟಿದ್ದ ನಂಟನೊಬ್ಬನಿಗೆ ಕೊಟ್ಟು ಮದುವೆ ಮಾಡಿದರು. ಮರುವರ್ಷವೇ ದೇಶ ಎರಡಾಯಿತು. ಗಂಡನು ಹಡಗನ್ನು ಹತ್ತಿ ಕರಾಚಿಗೆ ನಡೆದನು, ಹೆಂಡತಿಯು ಹಿಂಬಾಲಿಸಿದಳು. ಮಕ್ಕಳಾಗಲಿಲ್ಲ. ಗಂಡನು ತೀರಿಕೊಂಡ ಮೇಲೆ ಬಾಡಿಗೆಯ ಮನೆಯೂ ಕೈಬಿಟ್ಟಿತು. ತಮ್ಮ ಮಲ್ಲಿಕಸಾಬನನ್ನು ನೋಡಿ ಬರುವೆನೆಂದು ಮೂರು ತಿಂಗಳ ಪರವಾನಗಿಯಲ್ಲಿ ಬಂದವಳು, ಎರಡು ಸಲ ಅದನ್ನು ಮುಂದುವರಿಸಿಕೊಂಡಳು. ಮೂರನೆಯ ಸಲ ಮರೆತಳು. ಈಗ ದಿನವೂ ಮೆಣಸಿನಕಾಯಿಯ ಅಂಗಳದಲ್ಲಿ ಹತ್ತಾರು ಹೆಂಗಸರೊಡನೆ ಕುಳಿತು ತೊಟ್ಟು ಬಿಡಿಸುತ್ತ, ಎಲ್ಲರಿಗಿಂತ ಹೆಚ್ಚು ಮಾತನಾಡುತ್ತ, ಎಲ್ಲರಿಗಿಂತ ಹೆಚ್ಚು ರಾಶಿಯನ್ನು ಮುಗಿಸುತ್ತಿದ್ದಳು.

ಹವಾಲ್ದಾರರು ಹುಕುಮನ್ನು ಹಿಡಿದು ಆ ಅಂಗಳಕ್ಕೇ ಹೋದರು.

"ಹವಾಲ್ದಾರ್ರ, ಗಾಳಿಗೆ ಎದುರ ನಿಂದ್ರಬ್ಯಾಡ್ರಿ, ಘಾಟು ಹತ್ತೀತು" ಎಂದಳು ಹಾಜಿರಾಬಿ, ತಲೆ ಎತ್ತದೆಯೇ.

ಅವರು ನಿಂತಲ್ಲಿಯೇ ನಿಂತು ಹುಕುಮನ್ನು ಓದಿದರು. ಮುಗಿಯುವಷ್ಟರಲ್ಲಿ ಅವರ ಕಣ್ಣುಗಳಿಂದ ಧಾರೆಯಾಗಿ ನೀರಿಳಿಯುತ್ತಿತ್ತು.

"ಅಯ್ಯ, ಹೋಗಾಕಿ ನಾನು, ಅಳಾಕತ್ತವರು ನೀವು!"

"ಅಳಾಕತ್ತಿಲ್ಲವಾ. ಮೆಣಸಿನಕಾಯಿ."

ಹೆಂಗಸರೆಲ್ಲ ನಕ್ಕರು. ಹಾಜಿರಾಬಿಯೂ ನಕ್ಕಳು, ಆದರೆ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿಯಲಿಲ್ಲ. "ಹೋಗಂದ್ರ ಹೋಗತೇನ್ರಿ. ಖರೇ ಒಂದ ಮಾತ ಹೇಳ್ರಿ. ಗಡಿ ದಾಟಿಸಿ ಬಿಡತೀರಿ. ಆಮ್ಯಾಲ ನಾ ಅಲ್ಲಿ ಯಾರ ಮನಿ ಬಾಗಲಾ ತಟ್ಟಲಿ?"

ಹವಾಲ್ದಾರರು ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

ಮರುದಿನ ಆಕೆಯ ರಹದಾರಿಯನ್ನು, ಎಂದರೆ ಪಾಸ್‌ಪೋರ್ಟನ್ನು, ತರಲು ಹೋದಾಗ ಮೊದಲನೆಯ ತೊಡಕು ಎದುರಾಯಿತು. ಮಲ್ಲಿಕಸಾಬನು ಅಟ್ಟದ ಮೇಲಿನ ಮರದ ಪೆಟ್ಟಿಗೆಯನ್ನು ಇಳಿಸಿ ತೆರೆದರೆ, ಗೆದ್ದಲುಗಳು ರಹದಾರಿಯನ್ನು ಹಾಳೆಹಾಳೆಯಾಗಿ ಭುಂಜಿಸಿ, ರಟ್ಟಿನ ಒಂದು ಮೂಲೆಯನ್ನು ಮಾತ್ರ ಪ್ರಸಾದವಾಗಿ ಉಳಿಸಿದ್ದವು. ಧಾರವಾಡಕ್ಕೆ ಬರೆದು ಕೇಳಲಾಯಿತು. ಹತ್ತು ದಿನಗಳಲ್ಲಿ ಉತ್ತರ ಬಂದಿತು: ಈ ಹೆಂಗಸು ಹಾಜಿರಾಬಿಯೇ ಹೌದೆಂದು ಗುರುತಿನ ಪಂಚನಾಮೆಯನ್ನು ಮಾಡಿ, ಇಂಗ್ಲಿಷು ಉರ್ದುಗಳಿಗೆ ಭಾಷಾಂತರಿಸಿ, ರಹದಾರಿಯ ಬದಲಾಗಿ ಜೊತೆಗೆ ಒಯ್ಯತಕ್ಕದ್ದು.

ಮಸೀದಿಯ ಮುಂದಿನ ಬೇವಿನ ಕೆಳಗೆ ಚಾಪೆ ಹಾಸಿ ಪಂಚರನ್ನು ಕೂಡಿಸಿದರು. ಎಂಬತ್ತು ದಾಟಿದ ಸೂಲಗಿತ್ತಿ ಫಕ್ಕೀರವ್ವ, ಕನ್ನಡ ಶಾಲೆಯ ನಿವೃತ್ತ ಮಾಸ್ತರರಾದ ಹೇಮಪ್ಪನವರು, ಮಸೀದಿಯ ಕೆಲಸ ನೋಡುತ್ತಿದ್ದ ಫಕ್ಕೀರಸಾಬ, ಇನ್ನಿಬ್ಬರು ನೆರೆಮನೆಯವರು. ಹಾಜಿರಾಬಿಯು ಎದುರಿಗೆ ಕುಳಿತಳು. ಹವಾಲ್ದಾರರು ಲೇಖನಿಯನ್ನು ಕಣ್ಣಿಗೊತ್ತಿಕೊಂಡು ಆರಂಭಿಸಿದರು.

"ಫಕ್ಕೀರವ್ವ, ಈಕಿ ಹಾಜಿರಾಬಿ ಅನ್ನೂದು ನಿನಗ ಹ್ಯಾಂಗ ಗೊತ್ತು?"

"ಹ್ಯಾಂಗಂದ್ರ? ಈಕಿನ್ನ ಈಕಿ ಅವ್ವಗಿಂತ ಮೊದಲ ನೋಡಿದಾಕಿ ನಾನು. ಹೊಕ್ಕಳಬಳ್ಳಿ ಕೊಯ್ದ ಕೈ ಇವ ನೋಡು."

"ಎಲ್ಲಿ ಹುಟ್ಟಿದ್ಲು?"

"ಅಗಾ, ಅದ ಮನ್ಯಾಗ, ಹಿತ್ತಲಕಡಿ ಖೋಲ್ಯಾಗ. ಮೆಣಸಿನಕಾಯಿ ಚೀಲ ಸರಿಸಿ ಬಾಣಂತಿಗೆ ಜಾಗಾ ಮಾಡಿದ್ವಿ. ಕೂಸು ಅಳೂ ಮೊದಲ ಸೀನಿತು."

"ಇದನ್ನೂ ಬರೀಲೇನು?"

"ಕಣ್ಣಾರೆ ಕಂಡೇನಪಾ! ಬರಿ."

ಅವರು ಬರೆದರು: "ಶಿಶುವು ಮೊದಲು ಸೀನಿತು, ಅನಂತರ ಅತ್ತಿತು."

ಹೇಮಪ್ಪ ಮಾಸ್ತರರ ಸರದಿ ಬಂದಿತು. "ಮೂರನೇ ಇಯತ್ತೆ ತನಕ ನನ್ನ ಕೈಯಾಗ ಕಲತಾಳ. ಮಗ್ಗಿ ಹದಿನಾರರ ತನಕ ಚೊಲೋ ಬರತಿತ್ತು. ಹದಿನೇಳ ಎಂಟ್ಲೆ ಅಂದ ಕೂಡ್ಲೆ ತಪ್ಪತಿದ್ಲು. ಈಗ ಕೇಳ್ರಿ ಬೇಕಾದ್ರ."

"ಹಾಜಿರಕ್ಕ, ಹದಿನೇಳ ಎಂಟ್ಲೆ?"

ಆಕೆಯು ಕಣ್ಣು ಮುಚ್ಚಿ, ಮೊದಲಿನಿಂದ ರಾಗವಾಗಿ ಹೇಳುತ್ತ ಬಂದು, ಎಂಟಕ್ಕೆ ಬಂದೊಡನೆ "ನೂರಾ ಇಪ್ಪತ್ತಾರು" ಎಂದಳು.

"ನೂರಾ ಮೂವತ್ತಾರು, ಖೋಡಿ!" ಎಂದು ಮಾಸ್ತರರು ತೊಡೆ ತಟ್ಟಿದರು. "ಈಕಿನ! ಸಂಶೇನ ಬ್ಯಾಡ. ನಲವತ್ತೈದ ವರ್ಷದಾಗ ಒಂದ ಅಂಕಿ ಸುಧಾರಿಸಿಲ್ಲ."

ಅದೂ ದಾಖಲಾಯಿತು. ಕೊನೆಗೆ ಹವಾಲ್ದಾರರು, "ಕರಾಚಿ ಸುದ್ದಿ ಒಂದ ಉಳೀತು. ಯಾರು ಹೇಳತೀರಿ?" ಎಂದರು.

ಫಕ್ಕೀರಸಾಬನು ಮುಂದೆ ಸರಿದನು. "ಲಗ್ನ ಆದ ಮ್ಯಾಲ ಬ್ಯಾಡಗಿ ಠೇಸನ್ನಿಗೆ ನಾನ ಗಂಟು ಹೊತ್ತು ಕಳಿಸಿ ಬಂದೇನ್ರಿ. ಗಾಡಿ ಹತ್ತಿದ್ದು ಕಂಡೇನಿ."

"ಕರಾಚಿ ಮುಟ್ಟಿದ್ದು?"

"ಅದನ್ನ ಹ್ಯಾಂಗ ಕಾಣ್ಲಿ ಹವಾಲ್ದಾರ್ರ? ಗಾಡಿ ಹುಬ್ಬಳ್ಳಿ ಕಡೆ ಹೋತು. ಮೂವತ್ತೆರಡ ವರ್ಷಕ್ಕ ಅದ ಕಡಿಂದ ಬಂದ ಗಾಡಿಯಿಂದ ಇಳಿದ್ಲು, ಆಗೂ ನಾನ ಗಂಟು ಹೊತ್ತೇನಿ. ಅಷ್ಟ."

ನಿಯಮವೆಂದರೆ ನಿಯಮ. ಅಂದಾನೆಪ್ಪನವರು ಕ್ಷಣಕಾಲ ಲೇಖನಿಯನ್ನು ತಡೆದು, ಬಳಿಕ ಪಂಚನಾಮೆಯ ಕಡೆಯ ವಾಕ್ಯವನ್ನು ಬರೆದರು: "ವಿವಾಹಾನಂತರ ಸದರಿಯವಳು ರೈಲುಗಾಡಿಯನ್ನು ಹತ್ತಿ ಹುಬ್ಬಳ್ಳಿಯ ಕಡೆಗೆ ಹೋದಳು. ಮೂವತ್ತೆರಡು ವರ್ಷಗಳ ಅನಂತರ ಹುಬ್ಬಳ್ಳಿಯ ಕಡೆಯಿಂದ ಮರಳಿ ಬಂದಳು."

ರಾಣೆಬೆನ್ನೂರಿನ ವಕೀಲರೊಬ್ಬರ ಬೆರಳಚ್ಚಿನವರು ಅದನ್ನು ಇಂಗ್ಲಿಷಿಗೆ ತಂದರು. ಹಾವೇರಿಯ ಉರ್ದು ಶಾಲೆಯ ಶಾಬುದ್ದೀನ ಮಾಸ್ತರರು ಸೀನನ್ನೂ ಮಗ್ಗಿಯನ್ನೂ ಬಿಡದೆ ಉರ್ದುವಿಗೆ ತಂದರು. ಠಾಣೆಯ ಮುಖ್ಯಸ್ಥರಾದ ಫೌಜದಾರರು ಸಹಿ ಹಾಕಿದರು. ಮೇಲಿನ ಕಚೇರಿಗಳಲ್ಲಿ ಒಂದರ ಮೇಲೊಂದು ಮುದ್ರೆಗಳು ಬಿದ್ದವು. ಪ್ರತಿಯೊಬ್ಬ ಅಧಿಕಾರಿಯೂ ಹಿಂದಿನವರ ಮುದ್ರೆಯನ್ನು ನೋಡಿ ತನ್ನದನ್ನು ಒತ್ತಿದನು. ಬರಹವನ್ನು ಓದುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಹೆಂಗಸಿನ ಕಾವಲಿಗೆ ಹೆಂಗಸೊಬ್ಬಳು ಬೇಕು. ಠಾಣೆಯಲ್ಲಿ ಹೆಣ್ಣು ಪೊಲೀಸರಿರಲಿಲ್ಲವಾದ ಕಾರಣ, ಕಸ ಹೊಡೆಯುತ್ತಿದ್ದ ಸೋಮವ್ವನನ್ನೇ ನೇಮಿಸಿದರು. ಹುಬ್ಬಳ್ಳಿಯನ್ನೇ ಕಾಣದ ಸೋಮವ್ವನು ದಿಲ್ಲಿಯ ಹೆಸರನ್ನು ಕೇಳಿ, ಐವತ್ತು ಕಟಕ ರೊಟ್ಟಿ, ಒಂದು ಗಡಿಗೆ ಕೆಂಪು ಚಟ್ನಿ, ಶೇಂಗಾದ ಚಟ್ನಿಪುಡಿ ಕಟ್ಟಿಕೊಂಡು ಸಿದ್ಧಳಾದಳು. ಬ್ಯಾಡಗಿಯ ನಿಲ್ದಾಣಕ್ಕೆ ಅರ್ಧ ಊರೇ ಬಂದಿತ್ತು. ಮಲ್ಲಿಕಸಾಬನು ಅಕ್ಕನ ಕೈಯನ್ನು ಬಿಡಲಾರದೆ, ಚಲಿಸುವ ಗಾಡಿಯೊಡನೆ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದನು. ಗಾಡಿ ಹುಬ್ಬಳ್ಳಿಯ ಕಡೆಗೆ ಹೊರಟಿತು.

ಮೀರಜದಲ್ಲಿ ಗಾಡಿಯನ್ನು ಬದಲಿಸುವವರೆಗೆ ಅಂದಾನೆಪ್ಪನವರು ಕಾವಲುಗಾರರಾಗಿಯೇ ಇದ್ದರು. ಪುಣೆಯನ್ನು ದಾಟಿದೊಡನೆ ಅವರ ಕನ್ನಡವು ಯಾರಿಗೂ ತಿಳಿಯದಾಯಿತು. ಹಿಂದಿಯು ಅವರಿಗೆ ತಿಳಿಯದು. ಅಲ್ಲಿಂದ ಮುಂದೆ ಕೈದಿಯೇ ಕಾವಲಿನವರನ್ನು ಕರೆದೊಯ್ದಳು. ಗಾಡಿ ಎಲ್ಲಿ ನಿಲ್ಲುವುದು, ನೀರು ಎಲ್ಲಿ ಸಿಹಿ, ಹಮಾಲನು ಕೇಳಿದ್ದೇನು, ಎಲ್ಲವನ್ನೂ ಹಾಜಿರಾಬಿಯೇ ವಿಚಾರಿಸಿ ಹೇಳುವಳು. ಪರಸ್ಥಳದ ಅಡುಗೆಯನ್ನು ಹವಾಲ್ದಾರರು ಮುಟ್ಟುವುದಿಲ್ಲವೆಂದು ಬಲ್ಲ ಆಕೆ, ಬಾಳೆಹಣ್ಣನ್ನು ಮಾರುವವನನ್ನು ಕಿಟಕಿಗೇ ಕರೆದು, "ನಾ ಮುಟ್ಟಿಲ್ಲ, ಅಂವನ ಕೈಲೆ ತಗೋರಿ" ಎಂದು ಕೊಡಿಸುವಳು.

"ನೀವು ಮುಟ್ಟಿದ್ರೇನು ಹಾಜಿರಕ್ಕ, ಹಣ್ಣಿಗೆ ಸಿಪ್ಪಿ ಐತಿ" ಎಂದರು ಅವರು ಎರಡನೆಯ ದಿನ. ಅಂದಿನಿಂದ ಹಣ್ಣು ಆಕೆಯ ಕೈಯಿಂದಲೇ ಬಂದಿತು.

ಬೆಳಗಿನ ಜಾವ ಒಂದು ಬದಿಯ ಹಲಗೆಯ ಮೇಲೆ ಹವಾಲ್ದಾರರು ಅಂಗೈಯಲ್ಲಿ ಲಿಂಗವನ್ನಿರಿಸಿಕೊಂಡು ಪೂಜೆಗೆ ಕುಳಿತರೆ, ಎದುರು ಬದಿಯಲ್ಲಿ ಹಾಜಿರಾಬಿಯು ನಮಾಜಿಗೆ ಕುಳಿತಳು. ನಡುವೆ ಸೋಮವ್ವನಿಗೆ ಸಂಕಟವಾಯಿತು. "ಇಬ್ರೂ ದೇವರ ಕೂಡ ಮಾತಾಡಾಕತ್ತೀರಿ, ನಾ ಒಬ್ಬಾಕಿ ಸುಮ್ನ ಕುಂತ್ರ ಚೊಲೋ ಕಾಣ್ತೈತೇನು?" ಎಂದು ತಾನೂ ಕಣ್ಣು ಮುಚ್ಚಿದಳು. ತೆರೆದ ಮೇಲೆ ಮೆಲ್ಲನೆ, "ಕದರಮಂಡಲಗಿ ಹನುಮಪ್ಪಗ ಕಾಯಿ ಒಡಸ್ತೇನಂತ ಬೇಡಿಕೊಂಡೇನ್ರಿ. ಯಕ್ಕ ತಿರುಗಿ ನಮ್ಮ ಕೂಡನ ಬರಲಿ ಅಂತ" ಎಂದಳು.

"ಏ ಸೋಮವ್ವ! ಸರಕಾರದ ಹುಕುಮಿನ ವಿರುದ್ಧ ಕಾಯಿ ಬೇಡಿಕೊಂಡಿಯೇನು? ನೌಕರಿ ಹೋದೀತು!"

"ನಾ ಕಸಾ ಹೊಡಿಯಾಕಿ. ನಂದೇನ್ ಹೋಕ್ಕೈತಿ? ಕಸಬರಿಗಿ."

ಮಧ್ಯಾಹ್ನ ಹಾಜಿರಾಬಿಯು, "ನನ್ನ ಬಗ್ಗೆ ಏನ ಬರದೀರಿ ಓದ್ರೆಲ್ಲ, ಕೇಳೂನು" ಎಂದಳು. ಕವಿಯು ತನ್ನ ಕಾವ್ಯವನ್ನು ವಾಚಿಸುವಂತೆ ಅವರು ಓದಿದರು. ಕೇಳಿ ಮುಗಿಸಿ ಆಕೆಯೆಂದಳು: "ಭಾಳ ಚಂದ ಐತ್ರಿ. ಖರೇ ಹವಾಲ್ದಾರ್ರ, ಇದರಾಗ ಕರಾಚಿನ ಇಲ್ಲಲ್ಲ."

ಅಂದಾನೆಪ್ಪನವರು ಮತ್ತೊಮ್ಮೆ ಆದಿಯಿಂದ ಅಂತ್ಯದವರೆಗೆ ಓದಿದರು. ಇಲ್ಲ, ಪಾಕಿಸ್ತಾನವೆಂಬ ಶಬ್ದವೂ ಇಲ್ಲ. ಅವರ ಮುಖವು ಬಾಡಿತು. ಮೂವತ್ತು ವರ್ಷಗಳ ಸೇವೆಯಲ್ಲಿ ಅರೆಕೊರೆಯ ಕಾಗದವನ್ನು ಅವರು ಎಲ್ಲಿಗೂ ಒಯ್ದಿರಲಿಲ್ಲ.

"ಈಗ ಸೇರಿಸ್ರಲ್ಲ" ಎಂದಳು ಆಕೆ.

"ಪಂಚರ ಸಹಿ ಆದ ಮ್ಯಾಲ ಒಂದ ಅಕ್ಷರ ಸೇರಿಸಿದ್ರೂ ಅದು ಸುಳ್ಳು. ಕೇಳಿದ್ರ, ಬಾಯಿಲೆ ಇದ್ದದ್ದು ಇದ್ದಂಗ ಹೇಳೂನು."

"ನಾನೂ ಹಂಗ ಹೇಳತೇನಿ. ಇಷ್ಟ ವಯಸ್ಸಾದ ಮ್ಯಾಲ ಸುಳ್ಳು ಕಲಿಯಾಕ ಹೊತ್ತಿಲ್ಲ."

ದಿಲ್ಲಿಯ ನಿಲ್ದಾಣದ ಜನಸಾಗರದಲ್ಲಿ ಸೋಮವ್ವನು ಹಾಜಿರಾಬಿಯ ಸೆರಗನ್ನು ಹಿಡಿದಳು. ಹವಾಲ್ದಾರರು ಸೋಮವ್ವನ ಬುತ್ತಿಯ ಗಂಟನ್ನು ಹಿಡಿದರು. ಅಲ್ಲಿಯ ಪೊಲೀಸನೊಬ್ಬನು ಈ ಸಾಲನ್ನು ತಡೆದು, ಇವರಲ್ಲಿ ಗಡಿ ದಾಟತಕ್ಕವರು ಯಾರೆಂದು ಕೇಳಿದನು. ಹಾಜಿರಾಬಿಯು ನಕ್ಕು ತನ್ನ ಎದೆಯನ್ನು ಮುಟ್ಟಿ ತೋರಿಸಿದಳು. ಅವನು ನಂಬದೆ ಹವಾಲ್ದಾರರ ಕಾಗದಗಳನ್ನು ತಪಾಸಿಸಿದನು.

ಐದನೆಯ ದಿನ ಮುಂಜಾನೆ ಅಟಾರಿಯನ್ನು ಮುಟ್ಟಿದರು. ಎರಡೂ ಮಗ್ಗುಲಲ್ಲಿ ಹಸುರಾದ ಗೋಧಿಯ ಹೊಲಗಳು. ನಡುವೆ ಒಂದು ರಸ್ತೆ. ರಸ್ತೆಗೆ ಅಡ್ಡಲಾಗಿ ಬಾಗಿಲು. ನಮ್ಮ ಕಡೆಯ ಅಧಿಕಾರಿಯು ಮುದ್ರೆಗಳನ್ನು ಎಣಿಸಿ ತಲೆದೂಗಿದನು. ಆಚೆಯಿಂದ ಬಿಳಿಯ ಮೀಸೆಯ ಮುದುಕ ಅಧಿಕಾರಿಯೊಬ್ಬನು ಬಂದು, ಉರ್ದು ಪ್ರತಿಯನ್ನು ಕೈಗೆತ್ತಿಕೊಂಡನು. ಹಾಜಿರಾಬಿಯು ತನ್ನ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ನಿಂತಳು. ಅಂದಾನೆಪ್ಪನವರು ಅಂಗಿಯ ಮೇಲಿನಿಂದಲೇ ಲಿಂಗವನ್ನು ಮುಟ್ಟಿಕೊಂಡರು. ಏನನ್ನು ಬೇಡಬೇಕೆಂಬುದು ಅವರಿಗೆ ತಿಳಿಯಲಿಲ್ಲ.

ಆ ಮುದುಕನು ಮುದ್ರೆಗಳನ್ನು ನೋಡಲಿಲ್ಲ. ಕನ್ನಡಕವನ್ನು ಸರಿಪಡಿಸಿಕೊಂಡು ಮೊದಲಿನಿಂದ ಓದತೊಡಗಿದನು. ಮೊದಲ ಪುಟದಲ್ಲಿ ಅವನ ಮೀಸೆ ಅಲುಗಿತು. ಎರಡನೆಯ ಪುಟದಲ್ಲಿ ಭುಜಗಳು ಅಲುಗಿದವು. ಕೊನೆಗೆ ಕಣ್ಣೊರೆಸಿಕೊಂಡು ಏನೋ ಕೇಳಿದನು.

"ಏನಂತಾನ?" ಎಂದರು ಹವಾಲ್ದಾರರು.

"ಹದಿನೇಳ ಎಂಟ್ಲೆ ಎಷ್ಟು ಅಂತ ಕೇಳಾಕತ್ತಾನ್ರಿ" ಎಂದಳು ಹಾಜಿರಾಬಿ, ಅಚ್ಚರಿಯಿಂದ.

"ಕೇಳಿದ್ದಕ್ಕ ಉತ್ತರಾ ಕೊಡ್ರಿ."

ಆಕೆಯು ಕಣ್ಣು ಮುಚ್ಚಿದಳು. ಮೂವತ್ತಕ್ಕೂ ಹೆಚ್ಚು ವರ್ಷ ಕರಾಚಿಯಲ್ಲಿ ಬಾಳಿದರೂ ಮಗ್ಗಿಯು ಬಾಯಿಗೆ ಬರುತ್ತಿದ್ದುದು ಹೇಮಪ್ಪ ಮಾಸ್ತರರ ರಾಗದಲ್ಲಿಯೇ. "ಹದಿನೇಳ ಒಂದ್ಲೆ ಹದಿನೇಳು, ಹದಿನೇಳ ಎರಡ್ಲೆ ಮೂವತ್ತನಾಲ್ಕು" ಎಂದು ಗಡಿಯ ಆ ರಸ್ತೆಯಲ್ಲಿ ಕನ್ನಡವು ಮೊಳಗಿತು. ಎಂಟಕ್ಕೆ ಬಂದಾಗ ನೂರಾ ಇಪ್ಪತ್ತಾರು ಎಂದಳು. ಉರ್ದುವಿನಲ್ಲಿ ಅದನ್ನೇ ತಿಳಿಸಿದಾಗ ಮುದುಕನು, ಕಾಗದದಲ್ಲಿಯೂ ಹೀಗೆಯೇ ಇದೆಯೆಂದು ಬೆರಳಿಟ್ಟು ತೋರಿಸಿದನು.

ಬಳಿಕ ಗಂಭೀರನಾಗಿ ಹವಾಲ್ದಾರರನ್ನು ಕೇಳಿದನು: ಈ ಹೆಂಗಸು ನಮ್ಮ ದೇಶದಲ್ಲಿದ್ದಳೆಂಬುದನ್ನು ನೀವು ಬಲ್ಲಿರಾ? ಹಾಜಿರಾಬಿಯು ಒಂದು ಪದವನ್ನೂ ಬಿಡದೆ ಅನುವಾದಿಸಿದಳು.

"ಈಕಿ ಹೇಳಿದ್ದು ಕೇಳೇನಿ, ದಫ್ತರದಾಗ ಓದೇನಿ. ಕಣ್ಣಾರೆ ಕಂಡಿಲ್ಲ. ಹಂಗ ಹೇಳ್ರಿ ಅವರಿಗೆ."

ಅದನ್ನೂ ಅನುವಾದಿಸಿ, ಆಕೆ ತನ್ನದೊಂದು ಮಾತನ್ನು ಸೇರಿಸಿದಳು. ತಾನು ಕರಾಚಿಯಲ್ಲಿ ಇದ್ದುದು ಸತ್ಯವೆಂದೂ, ಗಂಡನ ಗೋರಿ ಅಲ್ಲಿಯೇ ಇದೆಯೆಂದೂ, ಅದನ್ನು ಬಿಟ್ಟರೆ ಅಲ್ಲಿ ತನಗೆ ಯಾರೂ ಇಲ್ಲವೆಂದೂ ಹೇಳಿದಳು. ಮುದುಕನು ಕಡೆಯ ಪುಟವನ್ನು ಮತ್ತೊಮ್ಮೆ ಓದಿದನು. ಆಮೇಲೆ ಕಾಗದವನ್ನು ಮಡಿಚಿ ಹಿಂದಿರುಗಿಸಿ ಹೇಳಿದನು: ಬಾಯಿಯ ಮಾತಿಗೆ ಬಾಗಿಲು ತೆರೆಯುವ ಅಧಿಕಾರ ನನಗಿಲ್ಲ, ರಹದಾರಿಯಿಲ್ಲ, ಇರುವುದು ಇದೊಂದೇ ಕಾಗದ. ಇದರಲ್ಲಿ ಈಕೆಯು ಹುಟ್ಟಿದ ಕೋಣೆಯಿದೆ, ಓದಿದ ಶಾಲೆಯಿದೆ, ಮೊದಲನೆಯ ಸೀನಿದೆ. ನಮ್ಮ ದೇಶದ ಹೆಸರು ಮಾತ್ರ ಎಲ್ಲಿಯೂ ಇಲ್ಲ. ನಿಮ್ಮ ಪೊಲೀಸರೇ ಇಷ್ಟು ಮುದ್ರೆ ಹಾಕಿ ನಿಮ್ಮವಳೆಂದು ಸಾರಿರುವಾಗ ನಾನು ಹೇಗೆ ಒಳಗೆ ಬಿಡಲಿ? ಕರಾಚಿಯಲ್ಲಿ ವಿಚಾರಿಸುತ್ತೇವೆ, ಉತ್ತರ ಬರುವವರೆಗೆ ಕರೆದೊಯ್ಯಿರಿ.

ನಮ್ಮ ಕಡೆಯ ಅಧಿಕಾರಿಯು ಆಗ ಮೊದಲ ಬಾರಿಗೆ ಇಂಗ್ಲಿಷು ಪ್ರತಿಯನ್ನು ಓದಿದನು. ಕೋಪಿಸಿಕೊಳ್ಳಲೆಂದು ಬಾಯಿ ತೆರೆದವನು, ಎದುರಿಗಿದ್ದ ಹವಾಲ್ದಾರರ ಮುಖದಲ್ಲಿ ಕಪಟದ ಲೇಶವನ್ನೂ ಕಾಣದೆ, ನಗುವನ್ನು ನುಂಗಿಕೊಂಡು, ಮೂರನೆಯವಳಿಗೂ ಮರಳುವ ಪಾಸನ್ನು ಬರೆದುಕೊಟ್ಟನು.

"ಏನಾತ್ರಿ?" ಎಂದಳು ಸೋಮವ್ವ.

"ನಿನಗ ಒಂದ ಕಾಯಿ ಖರ್ಚ ಬಂತು" ಎಂದರು ಅಂದಾನೆಪ್ಪನವರು.

ಬ್ಯಾಡಗಿಯಲ್ಲಿ ಫೌಜದಾರರು ಹಣೆ ಹಣೆ ಬಡಿದುಕೊಂಡರು. "ಅಂದಾನೆಪ್ಪ, ಪಾಕಿಸ್ತಾನ ಅಂತ ಒಂದ ಶಬ್ದ ಬರೀಲಿಲ್ಲೇನ್ರಿ ನೀವು?" ಧಾರವಾಡದಿಂದ ಕಾರಣ ಕೇಳಿ ಪತ್ರ ಬಂದಿತು. ಹವಾಲ್ದಾರರು ಮೂರು ಪುಟಗಳ ಉತ್ತರವನ್ನು ಬರೆದು, ಪಂಚರಲ್ಲಿ ಕರಾಚಿಯನ್ನು ಕಂಡವರು ಯಾರೂ ಇರಲಿಲ್ಲವೆಂದೂ, ಇನ್ನು ಮುಂದೆ ಅಂತಹವರು ದೊರೆತರೆ ಬರೆಯಲಾಗುವುದೆಂದೂ ವಿನಂತಿಸಿದರು. ಮೇಲಿನವರು ಒಂದು ವರ್ಷದ ವೇತನ ಬಡ್ತಿಯನ್ನು ತಡೆದು ಸುಮ್ಮನಾದರು. ಗಡಿಯಾಚೆಯ ವಿಚಾರಣೆಯ ಉತ್ತರ ಬರಲೇ ಇಲ್ಲ. ಅದು ಬರುವವರೆಗೆ ಹಾಜಿರಾಬಿಗೆ ವರ್ಷವರ್ಷವೂ ವಾಸದ ಪರವಾನಗಿ ದೊರೆಯುತ್ತ ಹೋಯಿತು. ಪ್ರತಿ ಸೋಮವಾರ ಠಾಣೆಗೆ ಹಾಜರಿ ಕೊಡಬೇಕೆಂಬುದೊಂದೇ ಕಟ್ಟಳೆ. ಸುಗ್ಗಿಯ ಸೋಮವಾರಗಳಲ್ಲಿ ಆಕೆಯು ಬುಟ್ಟಿಯನ್ನು ತಂದು ಠಾಣೆಯ ಕಟ್ಟೆಯ ಮೇಲೆಯೇ ತೊಟ್ಟು ಬಿಡಿಸುತ್ತಿದ್ದಳು; ಒಳಗೆ ಫೌಜದಾರರಿಂದ ಮೊದಲಾಗಿ ಬಂಧಿಗಳವರೆಗೆ ಎಲ್ಲರೂ ಸೀನುತ್ತಿದ್ದರು.

ಅಂದಾನೆಪ್ಪನವರು ಪ್ರತಿ ವರ್ಷವೂ ಪೌರತ್ವದ ಅರ್ಜಿಯನ್ನು ತಮ್ಮ ದುಂಡು ಅಕ್ಷರಗಳಲ್ಲಿ ಬರೆದು, ಆ ಪಂಚನಾಮೆಯ ನಕಲನ್ನು ಲಗತ್ತಿಸಿ ಕಳುಹಿಸಿದರು. ಒಂಬತ್ತನೆಯ ಅರ್ಜಿಗೆ, ತೊಂಬತ್ತೊಂದರಲ್ಲಿ, ಅವರು ನಿವೃತ್ತರಾಗುವ ತಿಂಗಳಲ್ಲಿಯೇ, ಪ್ರಮಾಣಪತ್ರ ಬಂದಿತು. ಅವರು ಅದನ್ನು ಹಿಡಿದು ಆ ಅಂಗಳಕ್ಕೇ ಹೋದರು. ಹಾಜಿರಾಬಿಯು ಗೋಣಿಚೀಲಗಳನ್ನು ಹೊಲಿಯುತ್ತ ಕುಳಿತಿದ್ದಳು. ಹವಾಲ್ದಾರರು ನಿಂತು ಓದಿದರು. ಹುಟ್ಟಿದ ಊರಿನ ಹೆಸರನ್ನು ಎರಡು ಸಲ ಓದಿದರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಗಲ್ಲಗಳೆರಡೂ ತೊಯ್ದಿದ್ದವು.

"ಮತ್ತ ಅಳಾಕತ್ತೀರಲ್ಲ ಹವಾಲ್ದಾರ್ರ."

"ಎಲ್ಲೆವಾ? ಮೆಣಸಿನಕಾಯಿ ಘಾಟು."

ಅದು ಆಷಾಢಮಾಸ. ಅಂಗಳವನ್ನು ಗುಡಿಸಿ ಎಷ್ಟೋ ವಾರಗಳಾಗಿದ್ದವು. ಒಂದು ಕಾಯಿಯೂ ಅಲ್ಲಿರಲಿಲ್ಲ. ಹಾಜಿರಾಬಿಯು ಬರಿದಾದ ಅಂಗಳವನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿ, ದಬ್ಬಣವನ್ನು ಕೆಳಗಿಟ್ಟು, ಕಣ್ಣೊರೆಸಿಕೊಂಡು ನಕ್ಕಳು.

"ಬರಕೋರಿ ಹವಾಲ್ದಾರ್ರ. ಇದನ್ನ ನಾ ಕಣ್ಣಾರೆ ಕಂಡೇನಿ."